ಸ್ಪ್ಯಾನಿಷ್ ಆಪ್ ಮತ್ತು ನಮ್ಮ ಞ

ನಮಸ್ಕಾರ.

ಏಳು ತಿಂಗಳು ನಾನು ಒಂದು ದಿನವೂ ತಪ್ಪಿಸದೆ ಆಪ್‌ನಲ್ಲಿ ಸ್ಪ್ಯಾನಿಷ್ ಕಲಿತೆ. ಬಸ್ಸಿನಲ್ಲಿ ನಿಂತುಕೊಂಡು, ಹಾಲು ಕಾಯಲು ಇಟ್ಟು, ರಾತ್ರಿ ದೀಪ ಆರಿಸಿದ ಮೇಲೂ. ಆಮೇಲೆ ಒಂದು ಸಂಜೆ ಆಫೀಸಿನ ಕಾಲ್‌ನಲ್ಲಿ ಕೊಲಂಬಿಯಾದ ಬೊಗೋಟಾದ ಒಬ್ಬ ಮಹಿಳೆ ಸಿಕ್ಕರು. ಅವರು ಮೊದಲು ಕೇಳಿದ್ದೇ "ಮೆ ರೆಗಾಲಾ ಸು ನೋಂಬ್ರೆ?" ಅಂತ.

ಒಂದೊಂದು ಪದವೂ ನನಗೆ ಗೊತ್ತಿತ್ತು. ಮೆ ಅಂದರೆ ನನಗೆ. ನೋಂಬ್ರೆ ಅಂದರೆ ಹೆಸರು. ರೆಗಾಲಾರ್ ಅಂದರೆ ಉಡುಗೊರೆ ಕೊಡುವುದು. ನಿಮ್ಮ ಹೆಸರನ್ನು ನನಗೆ ಉಡುಗೊರೆ ಕೊಡುತ್ತೀರಾ? ನಾನು ಸುಮ್ಮನಾಗಿಬಿಟ್ಟೆ. ಕೊಲಂಬಿಯಾದಲ್ಲಿ ಏನನ್ನಾದರೂ ಮರ್ಯಾದೆಯಿಂದ ಕೇಳುವ ರೀತಿಯೇ ಅದು ಅಂತ ಆಮೇಲೆ ತಿಳಿಯಿತು. ಅಂಗಡಿಯಲ್ಲಿ ಕಾಫಿ ಬೇಕಿದ್ದರೂ "ಮೆ ರೆಗಾಲಾ ಉನ್ ತಿಂತೊ" ಅನ್ನುತ್ತಾರೆ. ತಿಂತೊ ಅಂದರೆ ಅಲ್ಲಿ ಹಾಲು ಹಾಕದ ಕಾಫಿ. ಸ್ಪೇನ್‌ನಲ್ಲಿ ತಿಂತೊ ಕೇಳಿದರೆ ಕೆಂಪು ವೈನ್ ಬರುತ್ತದೆ.

ಆ ನುಡಿಗಟ್ಟು ಗೊತ್ತಿರಲಿಲ್ಲ ಅಂತ ನನಗೆ ಬೇಜಾರಿಲ್ಲ. ಅವರು ಪಾಪ, ಇನ್ನೊಂದು ರೀತಿಯಲ್ಲಿ ನಿಧಾನವಾಗಿ ಹೆಸರು ಕೇಳಿದರು. ಅರ್ಥವೂ ಆಯಿತು. ಆದರೆ "ಮೆ ಯಾಮೊ", ನನ್ನ ಹೆಸರು ಅಂತ ಶುರು ಮಾಡುವ ಆ ಎರಡು ಪದ ಬಾಯಿಗೆ ಬರಲೇ ಇಲ್ಲ. ಬೇಜಾರಾಗಿದ್ದು ಅದಕ್ಕೆ. ಆಪ್‌ನಲ್ಲಿ ಅದನ್ನು ಎಷ್ಟು ಸಲ ಸರಿಯಾಗಿ ಒತ್ತಿದ್ದೆನೋ ಲೆಕ್ಕವಿಲ್ಲ. ಒತ್ತಿದ್ದೆ ಅಷ್ಟೇ, ಬಾಯಿಬಿಟ್ಟು ಹೇಳಿರಲಿಲ್ಲ.

ಆ ಪರದೆ ಹೇಗಿರುತ್ತದೆ ನೋಡಿ. ಮೇಲೆ ಒಂದು ಇಂಗ್ಲಿಷ್ ವಾಕ್ಯ, ಕೆಳಗೆ ಏಳೆಂಟು ಸ್ಪ್ಯಾನಿಷ್ ಪದಗಳ ಚೌಕ. ಬೇಕಾದ ಪದ ಅಲ್ಲೇ ಕೂತಿರುತ್ತದೆ. ಹುಡುಕಿ ಜೋಡಿಸಿದರೆ ಟಿಂಗ್ ಅನ್ನುತ್ತದೆ. ಮದುವೆ ಮನೆಯಲ್ಲಿ ಯಾರದೋ ಮುಖ ನೋಡಿದ ಕೂಡಲೇ ಗುರುತು ಸಿಗುತ್ತದೆ, ಹೆಸರು ಮಾತ್ರ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ, ಅಲ್ವಾ? ಇದೂ ಹಾಗೇ. ನಾನು ಬಳಸಿದ ಆಪ್ ಮುಖಗಳನ್ನು ಚೆನ್ನಾಗಿ ಪರಿಚಯ ಮಾಡಿಸಿತು. ಹೆಸರು ಹಿಡಿದು ಕರೆಯುವುದನ್ನು ಕಲಿಸಲಿಲ್ಲ.

ಹಾಗಂತ ಆಪ್ ದಂಡ ಅಂತ ಹೇಳಲು ನಾನು ಇಲ್ಲಿ ಕೂತಿಲ್ಲ. ಪದ ನೆನಪಿಡುವ ಕೆಲಸಕ್ಕೆ ಸಾಫ್ಟ್‌ವೇರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಮರೆವಿಗೂ ಒಂದು ಲೆಕ್ಕವಿದೆ ಅಂತ ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ತೋರಿಸಿದರು. ನೀವು ಕಲಿತ 2,000 ಪದಗಳಲ್ಲಿ ಯಾವುದನ್ನು ಇವತ್ತು ಕೇಳಬೇಕು, ಯಾವುದನ್ನು 15 ದಿನ ಬಿಟ್ಟು ಕೇಳಬೇಕು ಅನ್ನುವ ಲೆಕ್ಕವನ್ನು ಯಾವ ಮೇಷ್ಟರೂ ಇಟ್ಟುಕೊಳ್ಳಲಾರರು. ಆಂಕಿ ಅನ್ನುವ ಸಾಫ್ಟ್‌ವೇರ್ 2006ರಿಂದ ಅದನ್ನೇ ಮಾಡುತ್ತಿದೆ. ಇನ್ನು ಭಾಷೆ ಕಲಿಸುವ ಡುಯೊಲಿಂಗೊ ಆಪ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಲೂಯಿಸ್ ಫಾನ್ ಆನ್ ಗ್ವಾಟೆಮಾಲಾದವರು, ಮನೆಮಾತು ಸ್ಪ್ಯಾನಿಷ್. 2012ರಲ್ಲಿ ಅದನ್ನು ಎಲ್ಲರಿಗೂ ತೆರೆದಾಗ ಉಚಿತವಾಗಿ ಕೊಟ್ಟರು. ಕ್ಲಾಸಿಗೆ ದುಡ್ಡು ಕಟ್ಟಲಾಗದ ಎಷ್ಟು ಜನರಿಗೆ ಅದು ಬಾಗಿಲು ತೆಗೆದಿರಬೇಕು! ಅದಕ್ಕೆ ನನಗೆ ನಿಜವಾಗಿ ಗೌರವವಿದೆ.

ಆದರೆ ಸಮಯದ ಲೆಕ್ಕ ಹಾಕಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಸ್ಪ್ಯಾನಿಷ್, ಇಟಾಲಿಯನ್, ಪೋರ್ಚುಗೀಸ್ ಇಂಗ್ಲಿಷ್‌ನವರಿಗೆ ಸುಲಭದ ಭಾಷೆಗಳು ಅಂತಲೇ ಅವರ ಎಣಿಕೆ. ಆದರೂ ಕೆಲಸಕ್ಕೆ ಬರುವಷ್ಟು ಕಲಿಯಲು ಸುಮಾರು 600ರಿಂದ 700 ಗಂಟೆ ಪಾಠ ಬೇಕು ಅನ್ನುತ್ತಾರೆ. ದಿನಕ್ಕೆ 10 ನಿಮಿಷ ಆಪ್ ಒತ್ತಿದರೆ ವರ್ಷಕ್ಕೆ ಸುಮಾರು 60 ಗಂಟೆ. ಅಂದರೆ 10ರಿಂದ 12 ವರ್ಷ.

ನನಗೆ ತುಂಬಾ ಮುಖ್ಯ ಅನಿಸುವುದು ಇನ್ನೊಂದು ವಿಷಯ. ನಾವು ಸ್ಪ್ಯಾನಿಷ್ ಕಲಿಯಲು ಸುಮ್ನೆ ಇಂಗ್ಲಿಷ್ ಸುತ್ತಿಕೊಂಡು ಹೋಗುತ್ತೇವೆ.

"ಮೆ ಗುಸ್ತಾ ಎಲ್ ಕಫೆ." ಐ ಲೈಕ್ ಕಾಫಿ ಅಂತ ಆಪ್ ಹೇಳಿತು. ಹಾಗಾದರೆ "ನಾನು" ಎಲ್ಲಿ? ಕಾಫಿ ಯಾಕೆ ಕರ್ತೃ? ಇಂಗ್ಲಿಷ್ ವಿವರಣೆ ಓದಿ ಓದಿ ಎರಡು ವಾರ ಒದ್ದಾಡಿದೆ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನು ನೋಡುತ್ತಾ ನಿಂತಿದ್ದಾಗ ಹೊಳೆಯಿತು. ನನಗೆ ಕಾಫಿ ಇಷ್ಟ. ಮೆ ಅಂದರೆ ನನಗೆ. ಅಷ್ಟೇ! "ಮೆ ದುಎಲೆ ಲಾ ಕಬೆಸಾ": ನನಗೆ ತಲೆ ನೋಯುತ್ತಿದೆ. ಹುಟ್ಟಿದಾಗಿನಿಂದ ಹೀಗೇ ಮಾತಾಡುತ್ತಿದ್ದೇವೆ. "ಆಬ್ಲೊ" ಅಂದರೆ ಮಾತಾಡುತ್ತೇನೆ. ಕ್ರಿಯಾಪದದ ಬಾಲದಲ್ಲೇ "ನಾನು" ಇದೆ, ನಮ್ಮದರ ಹಾಗೆ. ತೂ, ಉಸ್ತೆದ್ ಅಂದರೆ ನೀನು, ನೀವು. ಇಂಗ್ಲಿಷ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮಗೆ ಅತ್ತೆಮನೆಯಲ್ಲೇ ಗೊತ್ತಿರುವ ವಿಷಯ.

ಉಚ್ಚಾರಣೆಯೂ ಹಾಗೇ. ಅವರ ತ ನಮ್ಮ ತ, ಹಲ್ಲಿಗೆ ತಗಲುವುದು. ಇಂಗ್ಲಿಷ್ ಅಕ್ಷರ ನೋಡಿಕೊಂಡು ಟಾಕೊ ಅನ್ನುತ್ತೇವೆ. ಅದು ತಾಕೊ. ಒಂದನೇ ಕ್ಲಾಸಿನಲ್ಲಿ ಚ ಛ ಜ ಝ ಆದ ಮೇಲೆ ಞ ಅಂತ ಕೂಗಿ ಕಲಿತೆವಲ್ಲ, ಆಮೇಲೆ ಒಂಟಿಯಾಗಿ ಅದನ್ನು ಎಲ್ಲೂ ಬರೆದದ್ದೇ ಇಲ್ಲ. ಸ್ಪ್ಯಾನಿಷ್‌ನಲ್ಲಿ ಆ ಸದ್ದಿಗೆ ತಲೆ ಮೇಲೆ ಗೆರೆ ಇರುವ ಒಂದು ಅಕ್ಷರವೇ ಇದೆ. ಮಞಾನಾ ಅಂದರೆ ನಾಳೆ. ನೀಞೊ ಅಂದರೆ ಪುಟ್ಟ ಹುಡುಗ. ಎಸ್ಪಞಾ ಅಂದರೆ ಸ್ಪೇನ್. ಮೊದಲ ಸಲ ಇದು ಹೊಳೆದಾಗ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಎಲ್ಲವೂ ಹೀಗೆ ಸಲೀಸಲ್ಲ. ನಮಗೆ ಮೇಜು, ಪುಸ್ತಕ, ಕೈ ಎಲ್ಲವೂ "ಅದು". ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಪದದ ಕೊನೆಗೆ ಓ ಬಂದರೆ ಗಂಡು ಅಂದುಕೊಂಡರೆ ಮಾನೊ, ಅಂದರೆ ಕೈ, ಹೆಣ್ಣು. ಆ ಬಂದರೆ ಹೆಣ್ಣು ಅಂದುಕೊಂಡರೆ ಪ್ರೊಬ್ಲೆಮಾ ಗಂಡು. ಇದಕ್ಕೆ ಉರು ಹೊಡೆಯುವುದೊಂದೇ ದಾರಿ, ಇಲ್ಲಿ ಆಪ್ ನಿಜವಾಗಿ ಕೈಹಿಡಿಯುತ್ತದೆ. ಫ್ರೆಂಚ್ ಕಲಿಯುವವರು ಮಾತ್ರ ಪರದೆಗಿಂತ ಕಿವಿಯನ್ನು ಜಾಸ್ತಿ ನಂಬಿ. ಅಲ್ಲಿ ಬರೆದದ್ದರಲ್ಲಿ ಎಷ್ಟೋ ಅಕ್ಷರ ಕೇಳಿಸುವುದೇ ಇಲ್ಲ.

ಈಗ ನಾನು ಅಂಗೈಯಿಂದ ಆ ಪದಗಳ ಚೌಕ ಮುಚ್ಚಿಕೊಳ್ಳುತ್ತೇನೆ. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು, ಸ್ಪ್ಯಾನಿಷ್‌ನಲ್ಲಿ ಜೋರಾಗಿ ಹೇಳಿ, ಆಮೇಲೆ ಕೈ ತೆಗೆಯುತ್ತೇನೆ. ಬಸ್ಸಿನಲ್ಲಿ ಇದು ಆಗುವುದಿಲ್ಲ, ಮನೆಯಲ್ಲೇ ಆಗಬೇಕು. ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಅಂತ ಸ್ಪ್ಯಾನಿಷ್‌ನ 90 ಆಡಿಯೊ ಪಾಠಗಳಿವೆ, ಪೂರ್ತಿ ಉಚಿತ. ಪ್ರಶ್ನೆ ಕೇಳಿ, ನೀವು ಹೇಳುವ ತನಕ ನಿಲ್ಲಿಸಿಕೊಳ್ಳಿ ಅನ್ನುತ್ತದೆ. ಅದನ್ನು ಕೇಳಿ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಒಬ್ಬ ಮನುಷ್ಯರ ಜೊತೆ ಮಾತಾಡಿ.

ಬೊಗೋಟಾದ ಅವರ ಜೊತೆ ಈಗಲೂ ಕಾಲ್ ಇರುತ್ತದೆ. ಹೋದ ತಿಂಗಳು, ನಿಮ್ಮ ಕಡೆ ಕಾಫಿ ಹೇಗೆ ಮಾಡುತ್ತೀರಿ ಅಂತ ಕೇಳಿದರು. ಚಿಕ್ಕಮಗಳೂರಿನ ಬೀಜ, ಚಿಕೋರಿ, ಹಾಲು, ಎಲ್ಲವನ್ನೂ ತಡವರಿಸಿಕೊಂಡೇ ಹೇಳಿದೆ. ಫಿಲ್ಟರ್ ಅನ್ನಲು ಪದ ಸಿಗಲಿಲ್ಲ. ಹನಿ ಹನಿಯಾಗಿ ಇಳಿಯುತ್ತದೆ ಅನ್ನಲು "ಗೋತಾ ಆ ಗೋತಾ" ಅಂದು, ಕ್ಯಾಮೆರಾ ಮುಂದೆ ಬೆರಳಿನಿಂದ ಹನಿ ಬೀಳಿಸಿ ತೋರಿಸಿದೆ.

"ಆ, ಫಿಲ್ತ್ರೊ!" ಅಂದರು ಅವರು.