ಫ್ರಾಂಸ್ವಾಜ್ ದೊಲ್ತೊ: ಮಗು ‘ಬೇಡ’ ಎಂದರೆ

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಮನೋವಿಶ್ಲೇಷಣೆ (ಮಾತಿನ ಮೂಲಕ ಒಳಮನಸ್ಸನ್ನು ಅರಿಯುವ ಚಿಕಿತ್ಸೆ) ಎಂದೊಡನೆ ಮನೋವಿಶ್ಲೇಷಕ ಜಾಕ್ ಲಕಾನ್ ನೆನಪಾಗುತ್ತಾರೆ. 1964ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ಮನೋವಿಶ್ಲೇಷಕರಿಗಾಗಿ ತಮ್ಮದೇ ಶಾಲೆ ಕಟ್ಟಿದಾಗ ಜೊತೆಗಿದ್ದವರು ಫ್ರಾಂಸ್ವಾಜ್ ದೊಲ್ತೊ. ಹುಟ್ಟಿದ್ದು 1908ರಲ್ಲಿ. ಅಕ್ಕ 1920ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ತಾಯಿ ಆ ದುಃಖದಿಂದ ಹೊರಬರಲೇ ಇಲ್ಲ. ಮಗಳು ಓದುವುದು ಮನೆಯವರಿಗೆ ಬೇಡವಾಗಿತ್ತು. ಆದರೂ ವೈದ್ಯಕೀಯ ಓದಿ, 1939ರಲ್ಲಿ ಮನೋವಿಶ್ಲೇಷಣೆ ಮತ್ತು ಮಕ್ಕಳ ವೈದ್ಯಕೀಯದ ಬಗ್ಗೆ ಪ್ರಬಂಧ ಮಂಡಿಸಿದರು. ಆಮೇಲೆ 1978ರವರೆಗೂ ಪ್ಯಾರಿಸ್ಸಿನ ಟ್ರೂಸೊ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡಿದರು.

ಅವರ ಕೆಲಸದ ತಿರುಳು ಒಂದು ಸಣ್ಣ ಕಲ್ಲಿನಲ್ಲಿದೆ. ಮಗುವನ್ನು ಕರೆತರುವವರು ಅಪ್ಪ ಅಮ್ಮ, ಹಣ ಕೊಡುವವರೂ ಅವರೇ. ಹಾಗಾದರೆ ಚಿಕಿತ್ಸೆ ಯಾರಿಗೆ ಬೇಕಾಗಿದೆ? ಮೊದಲ ಕೆಲವು ಭೇಟಿಗಳಲ್ಲಿ ಪರಿಚಯ. ಆಮೇಲೆ ಮಗುವಿಗೇ ಹೇಳುತ್ತಿದ್ದರು: ನಿನಗೆ ಮುಂದುವರಿಸುವ ಮನಸ್ಸಿದ್ದರೆ ಪ್ರತಿ ಸಲ ಒಂದು ಕಲ್ಲನ್ನೋ, ಅಂಚೆಚೀಟಿಯನ್ನೋ ತಾ. ತರದೆ ಬಂದರೆ ಆ ದಿನ ಚಿಕಿತ್ಸೆ ಇಲ್ಲ. ಅದು ಶಿಕ್ಷೆಯಲ್ಲ; ‘ಬೇಡ’ ಎಂದು ಹೇಳಿದ್ದಕ್ಕೆ ಮಗುವಿಗೆ ಮೆಚ್ಚುಗೆಯೇ ಸಿಗುತ್ತಿತ್ತು. ಇದು ಕೆಡುವುದು ಎರಡು ಕಡೆ. ಅಮ್ಮ ನೆನಪಿಸಿ ಜೇಬಿಗೆ ಕಲ್ಲು ಹಾಕಿ ಕಳಿಸಿದರೆ ಅದು ಅಮ್ಮನ ಒಪ್ಪಿಗೆ. ಚಿಕಿತ್ಸಕರು ಅದನ್ನು ಉಡುಗೊರೆಯೆಂದು ಮುದ್ದಾಗಿ ತೆಗೆದುಕೊಂಡರೆ, ಮಗು ಅವರನ್ನು ಮೆಚ್ಚಿಸಲು ತರತೊಡಗುತ್ತದೆ.

1979ರ ಜನವರಿಯಲ್ಲಿ ಪ್ಯಾರಿಸ್ಸಿನ ಹದಿನೈದನೇ ವಾರ್ಡಿನಲ್ಲಿ ತೆರೆದ ‘ಮೇಝೋನ್ ವೆರ್ತ್’, ಅಂದರೆ ಹಸಿರು ಮನೆ, ಇದೇ ಯೋಚನೆಯ ಮುಂದುವರಿಕೆ. ನಾಲ್ಕು ತುಂಬದ ಮಕ್ಕಳು ದೊಡ್ಡವರೊಬ್ಬರ ಜೊತೆ ಬರಬಹುದು, ಬಿಟ್ಟುಹೋಗುವಂತಿಲ್ಲ. ಮಗುವಿನ ಹೆಸರನ್ನಷ್ಟೇ ಹಲಗೆಯ ಮೇಲೆ ಬರೆಯುತ್ತಾರೆ. ಮನೆತನದ ಹೆಸರು, ವಿಳಾಸ ಕೇಳುವುದಿಲ್ಲ. ನೀರಾಟಕ್ಕೆ ಏಪ್ರನ್ ಕಡ್ಡಾಯ. ನೆಲದ ಮೇಲೊಂದು ಕೆಂಪು ಗೆರೆ: ಗಾಲಿಯ ಆಟಿಕೆ ಅದನ್ನು ದಾಟಬಾರದು. ಮಗು ಗೆರೆಯ ಹತ್ತಿರ ನಿಂತು, ಒಂದು ಗಾಲಿ ದಾಟಿಸಿ, ದೊಡ್ಡವರ ಮುಖ ನೋಡುತ್ತದೆ. ಆಗ ಬೈಯುವುದಿಲ್ಲ, ನಿಯಮವನ್ನು ಮತ್ತೊಮ್ಮೆ ಮಾತಿನಲ್ಲಿ ಹೇಳುತ್ತಾರೆ. ಅಮ್ಮ ಶೌಚಾಲಯಕ್ಕೆ ಹೋಗುವಾಗಲೂ ಮಗುವಿಗೆ ಹೇಳಿಯೇ ಹೋಗಬೇಕು. ಕಣ್ಣುತಪ್ಪಿಸಿ ಹೋದರೆ ಮಗು ಕಲಿಯುವುದು ಒಂದೇ, ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಎಂದು. ಮುಂದೆ ಶಿಶುವಿಹಾರದ ಬಾಗಿಲಲ್ಲಿ ಅದು ಚೀರುವುದು ಈ ಭಯಕ್ಕೇ.

1976ರಿಂದ ರೇಡಿಯೋದಲ್ಲಿ ಪೋಷಕರಿಗೆ ಉತ್ತರ ಕೊಡತೊಡಗಿದಾಗ, ಫೋನ್ ಬೇಡ, ಪತ್ರ ಬರೆಯಿರಿ ಎಂದರು. ಬರೆಯುತ್ತಾ ಹೋದಂತೆ ಅರ್ಧ ತೊಡಕು ಬರೆಯುವವರಿಗೇ ಬಿಡಿಸಿಕೊಳ್ಳುತ್ತದೆ ಎಂಬ ನಂಬಿಕೆ.

ಅವರನ್ನು ಮೆಚ್ಚುವ ನಾವು ಒಂದು ಮಾತನ್ನು ಮುಚ್ಚಿಡಬಾರದು. 1979ರ ಸಂದರ್ಶನವೊಂದರಲ್ಲಿ ಅವರು ಅಪ್ಪ ಮಗಳ ಲೈಂಗಿಕ ಸಂಬಂಧದ ಬಗ್ಗೆ ಮಾತನಾಡುತ್ತಾ, ಅದಕ್ಕೆ ಮಗಳ ಸಮ್ಮತಿ ಇರುತ್ತದೆ ಎಂಬ ಅರ್ಥದಲ್ಲಿ ಹೇಳಿದರು. 2020ರಲ್ಲಿ ಅದು ಮತ್ತೆ ಬೆಳಕಿಗೆ ಬಂದಾಗ ಫ್ರಾನ್ಸಿನಲ್ಲಿ ತೀವ್ರ ಆಕ್ಷೇಪ ಎದ್ದಿತು. ಆಕ್ಷೇಪ ಸರಿಯೇ. ಕಲ್ಲು ತರದ ಮಗುವಿನ ‘ಬೇಡ’ವನ್ನು ಅಷ್ಟು ಗೌರವದಿಂದ ಕೇಳಿಸಿಕೊಂಡವರು, ಭಯದಿಂದ ಬಾಯಿ ಕಟ್ಟಿದ ಮಗುವಿನ ಮೌನವನ್ನು ಒಪ್ಪಿಗೆ ಎಂದು ಓದಿದರು.