ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಹನ್ನೆರಡು ವಾರ

ಕೇಳುಗರಿಗೆ ನಮಸ್ಕಾರ. ವೈದ್ಯ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಪಡೆಯುವ ತರಬೇತಿ ಹೇಗಿರಬೇಕು ಎಂಬುದು ಇಂದಿನ ಮಾತು.

ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ್ದು 1953ರಲ್ಲಿ. ಇಂದು ಮಂಗಳೂರು, ದೇರಳಕಟ್ಟೆಯಿಂದ ಹಿಡಿದು ಸುಳ್ಯದವರೆಗೂ ವೈದ್ಯಕೀಯ ಕಾಲೇಜುಗಳಿವೆ. ಆದರೂ ಘಟ್ಟದ ಬುಡದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ ಹೊಸ ವೈದ್ಯರು ಮೊದಲ ಮಳೆಗಾಲದಲ್ಲೇ ತಡವರಿಸುತ್ತಾರೆ. ಅವರ ಓದಿನಲ್ಲಿ ಕೊರತೆಯಿಲ್ಲ. ದೊಡ್ಡಾಸ್ಪತ್ರೆಯ ವಾರ್ಡಿಗೆ ಬರುವಷ್ಟರಲ್ಲಿ ಕಾಯಿಲೆಗೆ ಒಂದು ಹೆಸರು ಬಿದ್ದಿರುತ್ತದೆ. ಹಳ್ಳಿಯಲ್ಲಿ ಅದೇ ರೋಗಿ "ಎರಡು ದಿನದಿಂದ ಜ್ವರ, ಮೈಕೈ ನೋವು" ಎಂದಷ್ಟೇ ಹೇಳಿ ಎದುರು ಕೂರುತ್ತಾನೆ.

ನಮ್ಮ ಇಲಿ ಜ್ವರವನ್ನೇ ನೋಡಿ. ನೇಜಿ ನೆಡುವ ಕಾಲ, ತೋಟದ ಕಣಿ ಬಿಡಿಸುವ ಕಾಲ ಇದರ ಸುಗ್ಗಿ. ಇಲಿ, ದನಗಳ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಗಲಿದರೆ ಸಾಕು. ಜ್ವರ ಬರುವುದು ಸಾಮಾನ್ಯವಾಗಿ 5ರಿಂದ 14 ದಿನಗಳ ಮೇಲೆ. ಹಾಗಾಗಿ "ನಿನ್ನೆ ಗದ್ದೆಗಿಳಿದಿದ್ದಿರಾ" ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಕಳೆದ ಒಂದು ತಿಂಗಳ ಕೆಲಸವನ್ನು ಕೇಳಬೇಕು. ಮೀನಖಂಡ ಒತ್ತಿದರೆ ರೋಗಿ ನೋವಿನಿಂದ ಕಾಲು ಎಳೆದುಕೊಳ್ಳುತ್ತಾನೆಯೇ, ಕೀವಿಲ್ಲದೆ ಕಣ್ಣು ಕೆಂಪಾಗಿದೆಯೇ, ಮೂತ್ರ ಕಡಿಮೆಯಾಗಿದೆಯೇ ಎಂದು ಕೈಯಾರೆ ನೋಡಿ ಕಲಿಯಬೇಕು.

ಎಡವುವುದು ಎರಡು ಕಡೆ. ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿ, "ನೆಗೆಟಿವ್ ಬಂತು" ಎಂದು ಮನೆಗೆ ಕಳಿಸುವುದು ಒಂದು. ರೋಗದ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆಯಲ್ಲಿ ಸುಳಿವು ಸಿಗಲು ಜ್ವರ ಶುರುವಾಗಿ ಐದಾರು ದಿನವಾದರೂ ಬೇಕು. ಮೈಕೈ ನೋವೆಂದು ಡೈಕ್ಲೋಫೆನಾಕ್ ಸೂಜಿ ಚುಚ್ಚುವುದು ಇನ್ನೊಂದು. ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಅದು ಇನ್ನಷ್ಟು ಪೆಟ್ಟು. ಅನುಮಾನ ಗಟ್ಟಿಯಾಗಿದ್ದರೆ ವರದಿಗೆ ಕಾಯದೆ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಏಳು ದಿನ. ಗರ್ಭಿಣಿಗೆ ಅದು ಬೇಡ, ಅಮಾಕ್ಸಿಸಿಲಿನ್ ಕೊಡಬಹುದು. ಕಣ್ಣು ಹಳದಿಯಾದರೆ, ಮೂತ್ರ ಕಟ್ಟಿದರೆ, ಉಸಿರು ಏರಿದರೆ ತಡಮಾಡದೆ ಮೇಲಿನ ಆಸ್ಪತ್ರೆಗೆ.

ಹಾವು ಕಡಿತದಲ್ಲಿ ಯಂತ್ರ ಬೇಡದ ಪರೀಕ್ಷೆಯೊಂದಿದೆ. ಒಣಗಿದ, ಶುಚಿಯಾದ ಗಾಜಿನ ನಳಿಕೆಗೆ 2 ಮಿಲಿಲೀಟರ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ನಿಲ್ಲಿಸಿ, ಒಮ್ಮೆ ಬಾಗಿಸಿ. ರಕ್ತ ನೀರಾಗಿ ಹರಿದರೆ ಮಂಡಲದ ಹಾವಿನಂಥ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆಯಲ್ಲಿ, ಸೋಪಿನಲ್ಲಿ ತೊಳೆದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಆದ್ದರಿಂದ ಪಕ್ಕದಲ್ಲೇ ಆರೋಗ್ಯವಂತರೊಬ್ಬರ ರಕ್ತವನ್ನೂ ಇಟ್ಟು ಹೋಲಿಸಬೇಕು. ನಾಗರಹಾವಿನ ವಿಷ ನರಕ್ಕೆ ಹೋಗುವುದರಿಂದ ಈ ಪರೀಕ್ಷೆ ಸರಿಯಿದ್ದರೂ ರೆಪ್ಪೆ ಇಳಿಯುತ್ತಿದೆಯೇ ಎಂದು ನೋಡುತ್ತಿರಬೇಕು. ವಿಷ ಏರಿದ್ದು ಖಚಿತವಾದರೆ ಹಾವಿನ ಪ್ರತಿವಿಷದ ಮೊದಲ ಡೋಸು ಸಾಮಾನ್ಯವಾಗಿ 10 ವಯಲ್, ಅಂದರೆ 10 ಸೀಸೆ. ಮಗುವಿಗೂ ಅಷ್ಟೇ, ಏಕೆಂದರೆ ಹಾವು ಮೈತೂಕ ನೋಡಿ ವಿಷ ಬಿಡುವುದಿಲ್ಲ. ಪ್ರತಿವಿಷಕ್ಕೆ ಮೈ ಅಲರ್ಜಿಯಿಂದ ಸಿಡಿದೆದ್ದರೆ ಬೇಕಾಗುವ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಕೈಗೆಟಕುವಂತೆ ಇಟ್ಟ ಮೇಲೆಯೇ ಡ್ರಿಪ್ ತೆರೆಯಬೇಕು.

ಇವನ್ನೆಲ್ಲ ಬೆಳಿಗ್ಗೆ ಕಾಲೇಜು ಬಸ್ಸಿನಲ್ಲಿ ಬಂದು ಸಂಜೆ ಮರಳುವವರು ಕಲಿಯಲಾರರು. ಇಂಟರ್ನ್‌ಶಿಪ್ಪಿನಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರವಿದೆ. ಅದನ್ನು ನಾಲ್ಕಾರು ಊರಿಗೆ ಹರಿದು ಹಂಚುವ ಬದಲು ಒಂದೇ ಕೇಂದ್ರದಲ್ಲಿ ಕಳೆಯುವಂತೆ ಮಾಡುವುದೇ ಸರಿ. ಉಳಿಯಲು ಬಾಗಿಲಿಗೆ ಸರಿಯಾದ ಚಿಲಕವಿರುವ ಕೋಣೆ, ಶೌಚಾಲಯ, ರಾತ್ರಿ ಫೋನಿಗೆ ಸಿಗುವ ಹಿರಿಯ ವೈದ್ಯರು ಬೇಕು. ಇವಿಲ್ಲದೆ ಹೆಣ್ಣುಮಕ್ಕಳನ್ನು ರಾತ್ರಿ ಡ್ಯೂಟಿಗೆ ಹಾಕುವುದು ತಪ್ಪು. ಮನೆ ಭೇಟಿಗೆ ಆಶಾ ಕಾರ್ಯಕರ್ತೆಯ ಜೊತೆಗೇ ಹೋಗಬೇಕು. ಯಾರ ಮನೆಯಲ್ಲಿ ಫ್ರಿಜ್ಜಿಲ್ಲ, ಇನ್ಸುಲಿನ್ ಎಲ್ಲಿಡುತ್ತಾರೆ ಎಂಬುದು ಆಕೆಗೆ ಗೊತ್ತಿರುತ್ತದೆ. ಹೊರಗಿನಿಂದ ಬಂದ ವಿದ್ಯಾರ್ಥಿಗಳು ತುಳುವಿನಲ್ಲೋ ಬ್ಯಾರಿಯಲ್ಲೋ ನೋವು, ಜ್ವರ, ವಾಂತಿಯನ್ನಾದರೂ ಕೇಳಲು ಕಲಿತು ಹೊರಡಲಿ.

ಕಡೆಗಣಿಸಿರುವ ಪಾಠ ಒಂದಿದೆ, ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳಿಸುವಾಗ ಬರೆಯುವ ಚೀಟಿ. "ಹೆಚ್ಚಿನ ಚಿಕಿತ್ಸೆಗೆ" ಎಂದು ಗೀಚಿ 108 ಹತ್ತಿಸಿದರೆ ಅಲ್ಲಿಯವರು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹಾವು ಕಡಿದ ಹೊತ್ತು, ರಕ್ತ ಪರೀಕ್ಷೆ ಮಾಡಿದ ಹೊತ್ತು, ಕೊಟ್ಟ ವಯಲ್, ಬಿ.ಪಿ., ಮೂತ್ರದ ಪ್ರಮಾಣ ಚೀಟಿಯಲ್ಲಿರಲಿ. ಹೊರಡುವ ಮುಂಚೆ ಆ ಆಸ್ಪತ್ರೆಗೆ ಫೋನೂ ಹೋಗಲಿ. ರೋಗಿ ಏನಾದರು ಎಂಬ ಮರುಚೀಟಿ ಅಲ್ಲಿಂದ ಇಂಟರ್ನಿಗೆ ಬರುವಂತೆ ಕಾಲೇಜುಗಳು ಏರ್ಪಾಡು ಮಾಡಬೇಕು. ತನ್ನ ಅಂದಾಜು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಆ ವಿದ್ಯಾರ್ಥಿಗೆ ತಿಳಿಯಲು ಬೇರೆ ದಾರಿಯಿಲ್ಲ.

ನಮಸ್ಕಾರ.