ಜೀತದ ರೈತನಿಂದ ಶುರು ಮಾಡಿ: ಮಕ್ಕಳಿಗೆ ಮಧ್ಯಯುಗದ ಯೂರೋಪ್

ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಊಳಿಗಮಾನ್ಯ ಪದ್ಧತಿಯ, ಅಂದರೆ ಭೂಮಿಗೆ ಬದಲಾಗಿ ಮೇಲಿನವನ ಸೇವೆ ಮಾಡುವ ವ್ಯವಸ್ಥೆಯ, ಆ ಚಿತ್ರ ನೀವೂ ನೋಡಿರುತ್ತೀರಿ. ತುದಿಯಲ್ಲಿ ರಾಜ, ಅವನ ಕೆಳಗೆ ಸರದಾರರು, ನೈಟ್‌ಗಳು ಅನ್ನುವ ಕುದುರೆ ಸವಾರ ಯೋಧರು, ಎಲ್ಲರ ಅಡಿಯಲ್ಲಿ ರೈತರು. ಮಗು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಮರೆಯುತ್ತದೆ. ಆ ಚಿತ್ರದ ಬಗ್ಗೆ ನನಗೊಂದು ತಕರಾರಿದೆ. ಅದರಲ್ಲಿ ಯಾರೂ ಅಲುಗಾಡುವುದಿಲ್ಲ. ಸಾವಿರ ವರ್ಷ ಎಲ್ಲರೂ ನಿಂತಲ್ಲೇ ನಿಂತಿದ್ದರು ಅನ್ನಿಸಿಬಿಡುತ್ತದೆ.

ಅದನ್ನು ಬಿಟ್ಟು, 1340ರ ಸುಮಾರಿನ ಇಂಗ್ಲೆಂಡಿನ ಒಬ್ಬ ಜೀತದ ರೈತನ ಕಥೆಯಿಂದ ಶುರು ಮಾಡಿ. ಊರೂರಿಗೆ ಲೆಕ್ಕ ಬೇರೆ, ಆದರೂ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ದಿನ ಅವನು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು, ಸುಗ್ಗಿಯಲ್ಲಿ ಇನ್ನೂ ಜಾಸ್ತಿ. ಒಡೆಯನ ಗಿರಣಿಯಲ್ಲೇ ಕಾಳು ಬೀಸಿಸಿ ಅಲ್ಲೂ ಪಾಲು ಕೊಡಬೇಕು. ಬೆಳೆಯಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ. ಮಗಳ ಮದುವೆ ಮಾಡಬೇಕಾದರೆ ಒಡೆಯನಿಗೆ ದುಡ್ಡು ಕಟ್ಟಬೇಕು. ಅವನು ಸತ್ತರೆ ಕೊಟ್ಟಿಗೆಯಲ್ಲಿರುವ ಒಳ್ಳೆಯ ದನ ಒಡೆಯನ ಪಾಲು. ಅಪ್ಪ ಹೋದ, ಹಸುವೂ ಹೋಯಿತು. ಇಲ್ಲಿ ಸ್ವಲ್ಪ ನಿಲ್ಲಿಸಿ. ಮಗುವಿಗೆ ಸಿಟ್ಟು ಬರಲಿ, ಬರಬೇಕು ಕೂಡ.

ಆಮೇಲೆ ಪ್ಲೇಗ್. 1347ರಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಹಡಗುಗಳ ಜೊತೆ ಸಿಸಿಲಿಯ ಮೆಸ್ಸಿನಾ ಬಂದರಿಗೆ ಬಂತು, ಮರುವರ್ಷ ಇಂಗ್ಲೆಂಡ್ ಮುಟ್ಟಿತು. ಕಡಿಮೆ ಅಂದರೂ ಮೂರರಲ್ಲಿ ಒಬ್ಬರು ಸತ್ತರು, ಅರ್ಧದಷ್ಟು ಜನ ಅನ್ನುವ ಇತಿಹಾಸಕಾರರೂ ಇದ್ದಾರೆ. ಮುಂದೆ ಏನಾಯಿತು ಅಂತ ತಕ್ಷಣ ಹೇಳಬೇಡಿ, ಕೇಳಿ. ಹೊಲ ಇದ್ದಷ್ಟೇ ಇದೆ, ದುಡಿಯುವ ಕೈ ಕಡಿಮೆಯಾಗಿದೆ, ಈಗ ಕೂಲಿ ಏನಾಗುತ್ತದೆ? ಹತ್ತು ವರ್ಷದ ಮಗುವೂ ಉತ್ತರ ಹೇಳುತ್ತದೆ, ಏರುತ್ತದೆ ಅಂತ. ಏರಿತು. ಆಗ ಭೂಮಿಯ ಒಡೆಯರೇ ತುಂಬಿದ್ದ ಪಾರ್ಲಿಮೆಂಟು 1351ರಲ್ಲಿ ಕಾನೂನು ತಂದಿತು: ಪ್ಲೇಗಿಗೆ ಮೊದಲು ಇದ್ದಷ್ಟೇ ಕೂಲಿ, ಜಾಸ್ತಿ ಕೇಳಿದವರ ಕಾಲಿಗೆ ಮರದ ಕೋಳ. ಕಾನೂನು ಯಾರು ಮಾಡುತ್ತಾರೆ, ಯಾರಿಗಾಗಿ ಮಾಡುತ್ತಾರೆ ಅನ್ನುವ ಮಾತು ಆಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

1381ರಲ್ಲಿ ಜನ ತಿರುಗಿಬಿದ್ದರು. ನಾಲ್ಕು ವರ್ಷದಲ್ಲಿ ಮೂರನೇ ಸಲ ತಲೆಗಂದಾಯ ಹಾಕಿದ್ದರು, ಈ ಸಲ ತಲೆಗೆ ಒಂದು ಶಿಲಿಂಗ್. ಕೂಲಿಯವನಿಗೆ ಅದು ಹಲವು ದಿನದ ದುಡಿಮೆ. ಎಸೆಕ್ಸ್, ಕೆಂಟ್ ಕಡೆಯ ರೈತರು ವಾಟ್ ಟೈಲರ್ ಮುಂದಾಳತ್ವದಲ್ಲಿ ಲಂಡನ್ನಿಗೆ ನಡೆದರು. ಜಾನ್ ಬಾಲ್ ಅನ್ನುವ ಪಾದ್ರಿ ಅವರಿಗೆ ಕೇಳಿದ: ಆದಾಮ ನೆಲ ಅಗೆಯುತ್ತಿದ್ದಾಗ, ಹವ್ವ ನೂಲುತ್ತಿದ್ದಾಗ, ದೊಡ್ಡ ಮನುಷ್ಯ ಅಂತ ಯಾರಿದ್ದ? ಈ ಪ್ರಶ್ನೆ ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ದಂಗೆಯವರು ಊರೂರಲ್ಲಿ ಒಡೆಯರ ದಫ್ತರಗಳನ್ನು ಹುಡುಕಿ ಸುಟ್ಟರು. ಹೊಟ್ಟೆಗಿಲ್ಲದ ಜನ ದಾಖಲೆ ಯಾಕೆ ಸುಟ್ಟರು? ಮಗುವಿಗೆ ಯೋಚಿಸಲು ಬಿಡಿ. ಯಾರು ಜೀತದವರು, ಯಾರು ಎಷ್ಟು ಕೊಡಬೇಕು ಅಂತ ಬರೆದಿಟ್ಟದ್ದು ಅದರಲ್ಲೇ ಅಲ್ವಾ? ಓದು ಬರಹ ಬಾರದವರಿಗೂ ಆ ಬರಹದ ಬಲ ಚೆನ್ನಾಗಿ ಗೊತ್ತಿತ್ತು.

ಎರಡನೇ ರಿಚರ್ಡ್ ರಾಜನಿಗೆ ಆಗ 14 ವರ್ಷ. ಜೀತ ತೆಗೆಯುತ್ತೇನೆ ಅಂತ ಲಂಡನ್ನಿನ ಹೊರಗಿನ ಮೈಲ್ ಎಂಡ್‌ನಲ್ಲಿ ದಂಗೆಯವರಿಗೆ ಮಾತು ಕೊಟ್ಟ, ಬರೆದೂ ಕೊಟ್ಟ. ಮರುದಿನ ಸ್ಮಿತ್‌ಫೀಲ್ಡ್‌ನಲ್ಲಿ ರಾಜನ ಕಡೆಯವರು ಟೈಲರನನ್ನು ಕೊಂದರು, ಕೆಲವೇ ದಿನದಲ್ಲಿ ಕೊಟ್ಟ ಮಾತೂ ವಾಪಸ್ಸಾಯಿತು. ಆದರೆ ಮುಂದಿನ ನೂರು ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಜೀತ ಸದ್ದಿಲ್ಲದೆ ಕರಗುತ್ತಾ ಹೋಯಿತು. ಒಬ್ಬ ಒಡೆಯ ಹಿಂಡಿದರೆ ಇನ್ನೊಬ್ಬನ ಹತ್ತಿರ ಕೆಲಸ ಸಿಗುತ್ತಿತ್ತು, ಹಾಗಾಗಿ ಜನ ಹೊರಟೇಬಿಡುತ್ತಿದ್ದರು.

ಪ್ಲೇಗ್ ಬಂತು, ಜೀತ ಹೋಯಿತು ಅಂತ ಇಲ್ಲಿಗೇ ಮುಗಿಸಬೇಡಿ. ಪೋಲೆಂಡಿನಲ್ಲಿ, ರಷ್ಯಾದಲ್ಲಿ ಅದಾದ ಮೇಲೆಯೇ ರೈತರ ಕಟ್ಟು ಬಿಗಿಯಾಯಿತು. ರಷ್ಯಾದಲ್ಲಿ 1861ರವರೆಗೂ ಬಿಚ್ಚಲಿಲ್ಲ. ಯಾಕೆ ಹಾಗೆ ಅಂತ ಮಗು ಕೇಳಿದರೆ ಭೂಪಟ ತೆಗೆದು ಪೋಲೆಂಡಿನ ವಿಸ್ಚುಲಾ ನದಿ, ಅದು ಸಮುದ್ರ ಸೇರುವ ಕಡೆ ಇರುವ ಗ್ಡಾನ್‌ಸ್ಕ್ ಬಂದರು ತೋರಿಸಿ. 16ನೇ ಶತಮಾನದಲ್ಲಿ ಅಲ್ಲಿಂದ ಪಶ್ಚಿಮಕ್ಕೆ ಹಡಗು ತುಂಬ ಧಾನ್ಯ ಹೋಗುತ್ತಿತ್ತು, ಬೆಳೆಯಲು ಒಡೆಯರಿಗೆ ಬಿಟ್ಟಿ ಆಳು ಬೇಕಿತ್ತು, ಅವರನ್ನು ತಡೆಯುವಷ್ಟು ಬಲ ಅಲ್ಲಿ ರಾಜನಿಗೂ ಇರಲಿಲ್ಲ, ಪಟ್ಟಣಗಳಿಗೂ ಇರಲಿಲ್ಲ.

ನಮಸ್ಕಾರ.